ಆಯ್ದ ಹೈಡ್ರೋಜನೀಕರಣ

ಲೋಹವೊಂದರ ನೆರವಿನಿಂದ ಸಾವಯವ ಅಣುವಿನ ಗೊತ್ತಾದ ಒಂದು ಜಾಗಕ್ಕೆ ಮಾತ್ರ ಹೈಡ್ರೋಜನ್ ಸೇರಿಸಿ, ಉಳಿದ ಭಾಗಗಳನ್ನು ಇದ್ದಂತೆಯೇ ಬಿಡುವ ಕ್ರಿಯೆಗೆ ಆಯ್ದ ಹೈಡ್ರೋಜನೀಕರಣ ಎಂದು ಹೆಸರು. ಹೈಡ್ರೋಜನ್ ಸೇರಿಸುವ ವಿದ್ಯೆಗೆ ಒಂದು ಶತಮಾನಕ್ಕೂ ಹೆಚ್ಚಿನ ವಯಸ್ಸಾಗಿದೆ. ಬೇಕಾದಲ್ಲಿ ಮಾತ್ರ ಸೇರಿಸಿ, ಬೇಕಾದ ಘಟ್ಟದಲ್ಲಿ ನಿಲ್ಲಿಸುವುದು ಅದರ ಕಷ್ಟದ ಭಾಗ. ಅದರ ಬೆಲೆ ಇರುವುದೂ ಅಲ್ಲಿಯೇ. ಔಷಧ, ಜೀವಸತ್ವ, ಕಳೆನಾಶಕ, ಪ್ಲಾಸ್ಟಿಕ್, ಖಾದ್ಯ ಕೊಬ್ಬು ಇವೆಲ್ಲವುಗಳ ತಯಾರಿಕೆಯಲ್ಲಿ ಈ ಹೆಜ್ಜೆ ಬರುತ್ತದೆ.

ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ ಈ ಮೂರೂ ರಾಸಾಯನಿಕ ಕೈಗಾರಿಕೆಗೆ ಹೆಸರಾದ ಊರುಗಳಲ್ಲ. ಆದರೂ ಇಲ್ಲಿನ ಎರೆ ಹೊಲದ ಕುಸುಬಿ, ಅಗಸಿ, ತೋಟದ ದ್ರಾಕ್ಷಿ, ಕೃಷ್ಣಾ ದಂಡೆಯ ಕಬ್ಬು, ಬಯಲಲ್ಲಿ ಮೇಯುವ ಕುರಿ ಇವಿಷ್ಟನ್ನು ಹಿಡಿದು ಹೊರಟರೆ ಈ ರಸಾಯನಶಾಸ್ತ್ರದ ಮುಖ್ಯ ಅಧ್ಯಾಯಗಳೆಲ್ಲ ಎದುರಾಗುತ್ತವೆ. ಹೀಗಾಗಿ ಈ ಲೇಖನದ ಉದಾಹರಣೆಗಳನ್ನು ಆದಷ್ಟೂ ಆ ಸೀಮೆಯಿಂದಲೇ ಆಯ್ದುಕೊಳ್ಳಲಾಗಿದೆ.

ಲೋಹದ ಮೇಲ್ಮೈಯಲ್ಲಿ ನಡೆಯುವುದು

ಇಂಗಾಲದ ಎರಡು ಪರಮಾಣುಗಳ ನಡುವೆ ದ್ವಿಬಂಧ ಅಥವಾ ತ್ರಿಬಂಧ ಇದ್ದರೆ ಆ ಸಂಯುಕ್ತ ಅಪರ್ಯಾಪ್ತ. ಅಲ್ಲಿ ಹೈಡ್ರೋಜನ್ ಸೇರಿದಾಗ ಬಂಧ ಒಂದು ಮೆಟ್ಟಿಲು ಇಳಿಯುತ್ತದೆ, ಶಾಖ ಹೊರಬೀಳುತ್ತದೆ. ಎಥಿಲೀನ್ ಈಥೇನ್ ಆಗುವಾಗ ಪ್ರತಿ ಮೋಲಿಗೆ ಸುಮಾರು 137 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇಷ್ಟು ಲಾಭವಿದ್ದರೂ ಎರಡು ಅನಿಲಗಳನ್ನು ಬರಿದೇ ಬೆರೆಸಿಟ್ಟರೆ ಏನೂ ಆಗುವುದಿಲ್ಲ. ಹೈಡ್ರೋಜನ್ ಅಣುವಿನ ಎರಡು ಪರಮಾಣುಗಳನ್ನು ಬೇರ್ಪಡಿಸಲು ಮೋಲಿಗೆ 436 ಕಿಲೋಜೂಲ್ ಬೇಕು. ನಿಕ್ಕಲ್, ಪಲ್ಲೇಡಿಯಂ, ಪ್ಲಾಟಿನಂ ಮುಂತಾದ ಲೋಹಗಳ ಮೇಲ್ಮೈ ಆ ಅಣುವನ್ನು ಹಿಡಿದು ಸುಲಭವಾಗಿ ಇಬ್ಭಾಗ ಮಾಡುತ್ತದೆ. ಕ್ರಿಯಾವರ್ಧಕದ ಮೊದಲ ಕೆಲಸ ಇದು.

ಫ್ರಾನ್ಸಿನ ಟುಲೂಸ್ ನಗರದಲ್ಲಿ ಪಾಲ್ ಸಬಾಟಿಯೇ ಮತ್ತು ಜಾನ್-ಬಾಪ್ಟಿಸ್ಟ್ ಸಾಂದರಾನ್ 1897ರಲ್ಲಿ ಎಥಿಲೀನ್ ಮತ್ತು ಹೈಡ್ರೋಜನ್ ಅನಿಲಗಳನ್ನು ನುಣ್ಣನೆಯ ನಿಕ್ಕಲ್ ಪುಡಿಯ ಮೇಲೆ ಹಾಯಿಸಿ ಈಥೇನ್ ಪಡೆದರು. ಈ ದಾರಿ ತೆರೆದದ್ದಕ್ಕಾಗಿ ಸಬಾಟಿಯೇ 1912ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ವಿಕ್ಟರ್ ಗ್ರಿಗ್ನಾರ್ಡ್ ಜೊತೆ ಹಂಚಿಕೊಂಡರು. ಲೋಹವು ಅಣುವನ್ನು ತೀರ ಸಡಿಲವಾಗಿ ಹಿಡಿದರೆ ಕ್ರಿಯೆ ನಡೆಯದು, ತೀರ ಬಿಗಿಯಾಗಿ ಹಿಡಿದರೆ ಉತ್ಪನ್ನ ಬಿಟ್ಟುಹೋಗದು ಎಂಬ ತತ್ವಕ್ಕೆ ಇಂದಿಗೂ ಅವರ ಹೆಸರೇ ಇದೆ.

1934ರಲ್ಲಿ ಜೂರೊ ಹೊರಿಯೂಚಿ ಮತ್ತು ಮೈಕೆಲ್ ಪೊಲಾನ್ಯಿ ಈ ಕ್ರಿಯೆಯ ಒಳಹೆಜ್ಜೆಗಳನ್ನು ವಿವರಿಸಿದರು. ದ್ವಿಬಂಧವುಳ್ಳ ಅಣು ಲೋಹಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಒಂದು ಹೈಡ್ರೋಜನ್ ಪರಮಾಣು ಬಂದು ಸೇರುತ್ತದೆ. ಅರ್ಧ ಮುಗಿದ ಈ ಸ್ಥಿತಿಯಲ್ಲಿ ಎರಡನೆಯದು ಬಂದರೆ ಪರ್ಯಾಪ್ತ ಅಣು ಹೊರಬೀಳುತ್ತದೆ. ಎರಡನೆಯದು ತಡವಾದರೆ ಮೊದಲು ಸೇರಿದ್ದೋ ಅದರ ಪಕ್ಕದ್ದೋ ಕಳಚಿಹೋಗಿ ದ್ವಿಬಂಧ ಮತ್ತೆ ಹುಟ್ಟುತ್ತದೆ, ಆದರೆ ಹಳೆಯ ಜಾಗದಲ್ಲಿ ಅಥವಾ ಹಳೆಯ ಆಕಾರದಲ್ಲಿಯೇ ಇರಬೇಕೆಂದಿಲ್ಲ. ವನಸ್ಪತಿಯ ಇತಿಹಾಸವನ್ನು ಬದಲಿಸಿದ ಟ್ರಾನ್ಸ್ ಕೊಬ್ಬು ಹುಟ್ಟುವುದು ಹಿಂದೆ ಹೊರಳಬಲ್ಲ ಈ ನಡುಹೆಜ್ಜೆಯಲ್ಲಿ.

ಆಯ್ಕೆ ನಾಲ್ಕು ಬಗೆಯದು. ಒಂದೇ ಅಣುವಿನಲ್ಲಿ ಬೇರೆ ಬೇರೆ ಗುಂಪುಗಳಿದ್ದಾಗ ಒಂದನ್ನು ಮಾತ್ರ ಮುಟ್ಟುವುದು ಮೊದಲನೆಯದು. ಒಂದೇ ತರದ ಹಲವು ದ್ವಿಬಂಧಗಳಲ್ಲಿ ಒಂದನ್ನು ಆರಿಸುವುದು ಎರಡನೆಯದು. ಹುಟ್ಟುವ ದ್ವಿಬಂಧ ಸಿಸ್ (ಎರಡೂ ಕಡೆಯ ಗುಂಪುಗಳು ಒಂದೇ ಬದಿಗೆ) ಆಗಬೇಕೋ ಟ್ರಾನ್ಸ್ (ಎದುರು ಬದಿಗಳಿಗೆ) ಆಗಬೇಕೋ ಎಂಬುದನ್ನು ನಿರ್ಧರಿಸುವುದು ಮೂರನೆಯದು. ಕನ್ನಡಿ ಬಿಂಬದ ಎರಡು ರೂಪಗಳಲ್ಲಿ ಒಂದನ್ನು ಮಾತ್ರ ಪಡೆಯುವುದು ನಾಲ್ಕನೆಯದು. ಯಾವ ಲೋಹ, ಅದನ್ನು ಯಾವುದರ ಮೇಲೆ ಕೂಡಿಸಲಾಗಿದೆ, ಅದರ ಚುರುಕನ್ನು ಯಾವುದರಿಂದ ತಗ್ಗಿಸಲಾಗಿದೆ, ದ್ರಾವಕ, ತಾಪ, ಒತ್ತಡ ಎಷ್ಟು ಎಂಬ ಹಿಡಿಕೆಗಳನ್ನು ತಿರುಗಿಸಿ ರಸಾಯನಶಾಸ್ತ್ರಜ್ಞರು ಈ ನಾಲ್ಕನ್ನೂ ಸಾಧಿಸುತ್ತಾರೆ.

ಎಣ್ಣೆಯಿಂದ ವನಸ್ಪತಿಗೆ

ವಿಜಯಪುರ ಸೀಮೆಯ ಹಿಂಗಾರಿ ಜೋಳದ ಹೊಲಗಳಲ್ಲಿ ಕುಸುಬಿಯ ಸಾಲುಗಳಿರುವುದು ಹಳೆಯ ರೂಢಿ. ಮುಳ್ಳಿನ ಗಿಡವಾದ್ದರಿಂದ ಅಂಚಿನಲ್ಲಿ ಬಿತ್ತಿದರೆ ದನಗಳು ಹೊಲಕ್ಕೆ ನುಗ್ಗುವುದಿಲ್ಲ, ಬೀಜದಿಂದ ಎಣ್ಣೆಯೂ ಸಿಗುತ್ತದೆ. ಈ ಎಣ್ಣೆಯ ಮೇದಾಮ್ಲಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಎರಡು ದ್ವಿಬಂಧಗಳ ಲಿನೋಲಿಯಿಕ್ ಆಮ್ಲ. ಅಗಸಿ ಎಣ್ಣೆಯಲ್ಲಿ ಮೂರು ದ್ವಿಬಂಧಗಳ ಲಿನೋಲೆನಿಕ್ ಆಮ್ಲ ಅರ್ಧದಷ್ಟಿರುತ್ತದೆ. ಶೇಂಗಾ ಎಣ್ಣೆಯಲ್ಲಿ ಒಂದೇ ದ್ವಿಬಂಧದ ಒಲಿಯಿಕ್ ಆಮ್ಲಕ್ಕೆ ಮೊದಲ ಸ್ಥಾನ. ದ್ವಿಬಂಧ ಹೆಚ್ಚಿದಷ್ಟೂ ಎಣ್ಣೆ ಗಾಳಿಯ ಆಮ್ಲಜನಕಕ್ಕೆ ಬೇಗ ಸೋಲುತ್ತದೆ. ಅಗಸಿ ಎಣ್ಣೆ ಬೇಗ ಕಮಟು ಹಿಡಿಯುವುದಕ್ಕೂ, ಅದೇ ಎಣ್ಣೆ ಬಣ್ಣ ವಾರ್ನಿಷ್‌ಗಳಲ್ಲಿ ಒಣಗಿ ಪದರವಾಗುವುದಕ್ಕೂ ಕಾರಣ ಒಂದೇ.

ದ್ವಿಬಂಧದ ಸಂಖ್ಯೆ ಮತ್ತು ಆಕಾರ ಕರಗುವ ತಾಪವನ್ನೂ ನಿರ್ಧರಿಸುತ್ತದೆ. ಹದಿನೆಂಟು ಇಂಗಾಲಗಳ ಸರಪಳಿಯಲ್ಲಿ ದ್ವಿಬಂಧವೇ ಇಲ್ಲದ ಸ್ಟಿಯರಿಕ್ ಆಮ್ಲ ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಒಂದು ಸಿಸ್ ದ್ವಿಬಂಧವಿರುವ ಒಲಿಯಿಕ್ ಆಮ್ಲಕ್ಕೆ 13 ಡಿಗ್ರಿ ಸಾಕು. ಎರಡಿರುವ ಲಿನೋಲಿಯಿಕ್ ಆಮ್ಲ ಸೊನ್ನೆಗಿಂತ 5 ಡಿಗ್ರಿ ಕೆಳಗೂ ದ್ರವ. ಒಲಿಯಿಕ್ ಆಮ್ಲದ ಅದೇ ಒಂದು ದ್ವಿಬಂಧ ಸಿಸ್ ಬದಲು ಟ್ರಾನ್ಸ್ ಆದರೆ ಕರಗುವ ತಾಪ 13ರಿಂದ ಸುಮಾರು 44 ಡಿಗ್ರಿಗೆ ಏರುತ್ತದೆ.

ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ನಿಕ್ಕಲ್ ಪುಡಿಯಿಂದ ದ್ರವ ಎಣ್ಣೆಯನ್ನು ಗಟ್ಟಿ ಕೊಬ್ಬಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅಮೆರಿಕದಲ್ಲಿ 1911ರಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ಕ್ರಿಸ್ಕೊ ಮಾರುಕಟ್ಟೆಗೆ ಬಂತು. ಭಾರತದಲ್ಲಿ 1937ರಲ್ಲಿ ಬಂದ ಡಾಲ್ಡಾ ಎಷ್ಟು ಮನೆಮಾತಾಯಿತೆಂದರೆ ಕರ್ನಾಟಕದ ಹಳ್ಳಿಗಳಲ್ಲಿ ವನಸ್ಪತಿಗೆ ಇಂದಿಗೂ ಅದೇ ಹೆಸರು. ಆರಂಭದ ದಶಕಗಳಲ್ಲಿ ದೇಶದ ವನಸ್ಪತಿಗೆ ಮುಖ್ಯ ಕಚ್ಚಾವಸ್ತು ಶೇಂಗಾ ಎಣ್ಣೆಯೇ ಆಗಿತ್ತು.

ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ಎಣ್ಣೆಗೆ ನೂರಕ್ಕೆ ಒಂದರ ಹತ್ತನೇ ಭಾಗಕ್ಕೂ ಕಡಿಮೆ ನಿಕ್ಕಲ್ ಬೆರೆಸಿ, 120ರಿಂದ 200 ಡಿಗ್ರಿ ತಾಪದಲ್ಲಿ, ಕೆಲವೇ ಬಾರ್ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ. ಒಂದು ಸಿಸ್ ದ್ವಿಬಂಧವಿರುವ ಒಲಿಯಿಕ್ ಆಮ್ಲದ ವೇಗವನ್ನು 1 ಎಂದಿಟ್ಟುಕೊಂಡರೆ ನಿಕ್ಕಲ್ ಮೇಲೆ ಲಿನೋಲಿಯಿಕ್ ಆಮ್ಲದ ವೇಗ ಸುಮಾರು 20, ಲಿನೋಲೆನಿಕ್‌ನದು ಸುಮಾರು 40. ಎಂದರೆ ಹೆಚ್ಚು ದ್ವಿಬಂಧಗಳಿರುವ ಸರಪಳಿಗಳೇ ಮೊದಲು ಹೈಡ್ರೋಜನ್ ಹಿಡಿಯುತ್ತವೆ. ಇಲ್ಲಿ ಆಯ್ಕೆಯ ಅರ್ಥ ಇಷ್ಟೇ: ಬೇಗ ಕೆಡುವ ಭಾಗವನ್ನು ಒಂದು ದ್ವಿಬಂಧಕ್ಕೆ ಇಳಿಸಬೇಕು, ಆದರೆ ಮೇಣದಂತಹ ಸ್ಟಿಯರಿಕ್ ರೂಪಕ್ಕೆ ತಳ್ಳಬಾರದು.

ಈ ಆಯ್ಕೆಗೆ ಒಂದು ದಂಡ ತೆರಬೇಕಾಯಿತು. ತಾಪ ಹೆಚ್ಚಿಸಿ, ಒತ್ತಡ ತಗ್ಗಿಸಿ, ಲೋಹದ ಮೇಲೆ ಹೈಡ್ರೋಜನ್ ವಿರಳವಾಗುವಂತೆ ಮಾಡಿದರೆ ಸ್ಟಿಯರಿಕ್ ಕಡಿಮೆಯಾಗುತ್ತದೆ; ಆದರೆ ಅರ್ಧ ಮುಗಿದ ಅಣುಗಳು ಎರಡನೆಯ ಹೈಡ್ರೋಜನ್ ಸಿಗದೆ ಹಿಂದಿರುಗಿ ಟ್ರಾನ್ಸ್ ರೂಪ ತಾಳುತ್ತವೆ. ತುಪ್ಪದಂತೆ ಹರಳಾಗುವ ಗುಣಕ್ಕಾಗಿ ಒಂದು ಕಾಲದಲ್ಲಿ ಅದನ್ನೇ ಬಯಸಿದ್ದರು. ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂಬುದು 1990ರ ದಶಕದಲ್ಲಿ ದೃಢಪಟ್ಟಿತು. ಡೆನ್ಮಾರ್ಕ್ 2003ರಲ್ಲಿ ಮಿತಿ ಹೇರಿತು. ಭಾರತದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಪಾಲು ಶೇಕಡಾ 2ನ್ನು ಮೀರಬಾರದು ಎಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಈಗ ಗಟ್ಟಿ ಕೊಬ್ಬಿಗಾಗಿ ತಾಳೆ ಎಣ್ಣೆಯ ಗಟ್ಟಿ ಭಾಗವನ್ನು ಬಳಸುವುದು ಅಥವಾ ಕೊಬ್ಬುಗಳ ನಡುವೆ ಮೇದಾಮ್ಲಗಳನ್ನು ಅದಲುಬದಲು ಮಾಡುವುದು ರೂಢಿಯಾಗಿದೆ.

ತುಪ್ಪಕ್ಕೆ ವನಸ್ಪತಿ ಕಲಬೆರಕೆ ಮಾಡುವುದನ್ನು ಗಾಂಧೀಜಿ 1940ರ ದಶಕದಲ್ಲಿ ಕಟುವಾಗಿ ವಿರೋಧಿಸಿದ್ದರು. ಕಲಬೆರಕೆ ಹಿಡಿಯಲು ಕಾನೂನು ಎಳ್ಳೆಣ್ಣೆಯ ಮೊರೆ ಹೋಯಿತು. ವನಸ್ಪತಿಯಲ್ಲಿ ಕನಿಷ್ಠ ಶೇಕಡಾ 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂದು ವಿಧಿಸಲಾಯಿತು. ಎಳ್ಳೆಣ್ಣೆ ಇರುವ ಕೊಬ್ಬಿಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಸೇರಿಸಿ ಕುಲುಕಿದರೆ ಕೆಂಪು ಬಣ್ಣ ಬರುತ್ತದೆ. ಬೋದುಯೇ ಪರೀಕ್ಷೆ ಎಂದು ಹೆಸರಾದ ಇದನ್ನು ಸಾಮಾನ್ಯ ಪ್ರಯೋಗಾಲಯದಲ್ಲೂ ಮಾಡಬಹುದು.

ತ್ರಿಬಂಧದಲ್ಲಿ ಅರ್ಧಕ್ಕೆ ನಿಲ್ಲುವುದು

ಅದೇ ಕಾನೂನು ವನಸ್ಪತಿಯ ಪ್ರತಿ ಗ್ರಾಂಗೆ ಕನಿಷ್ಠ 25 ಅಂತರರಾಷ್ಟ್ರೀಯ ಏಕಮಾನದಷ್ಟು ಕೃತಕ ಎ ಜೀವಸತ್ವ ಸೇರಿಸಬೇಕೆಂದೂ ಹೇಳಿತ್ತು. ಎ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದಾರಿಗಳಲ್ಲಿ ಒಂದನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರೋಶ್ ಕಂಪನಿ 1940ರ ದಶಕದ ಕೊನೆಗೆ ರೂಪಿಸಿತ್ತು. ಅದರಲ್ಲಿ ಒಂದು ಹೆಜ್ಜೆ ಬಹಳ ನಾಜೂಕಿನದು. ಅಣುವಿನಲ್ಲಿರುವ ಒಂದು ತ್ರಿಬಂಧವನ್ನು ದ್ವಿಬಂಧಕ್ಕೆ ಇಳಿಸಬೇಕು, ಅಲ್ಲಿಗೆ ನಿಲ್ಲಬೇಕು, ಪಕ್ಕದಲ್ಲಿರುವ ಬೇರೆ ದ್ವಿಬಂಧಗಳಿಗೆ ಕೈ ಹಚ್ಚಬಾರದು. ಮಾಮೂಲಿ ಪಲ್ಲೇಡಿಯಂ ಇಷ್ಟು ಸಂಯಮ ತೋರುವುದಿಲ್ಲ.

ರೋಶ್‌ನಲ್ಲಿದ್ದ ಹರ್ಬರ್ಟ್ ಲಿಂಡ್ಲರ್ 1952ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯ ಮೇಲೆ ಪಲ್ಲೇಡಿಯಂ ಕೂಡಿಸಿ, ಸೀಸದ ಲವಣದಿಂದ ಅದರ ಚುರುಕನ್ನು ಬೇಕೆಂದೇ ಕುಗ್ಗಿಸಿದರು. ಕ್ರಿಯೆಯ ವೇಳೆ ಕ್ವಿನೊಲಿನ್ ಎಂಬ ದ್ರವವನ್ನೂ ತುಸು ಹಾಕಿದರು. ತ್ರಿಬಂಧ ಲೋಹಕ್ಕೆ ದ್ವಿಬಂಧಕ್ಕಿಂತ ಬಿಗಿಯಾಗಿ ಅಂಟುತ್ತದೆ. ಹೀಗಾಗಿ ತ್ರಿಬಂಧ ಉಳಿದಿರುವವರೆಗೂ ಚುರುಕು ಕುಗ್ಗಿದ ಲೋಹದ ಮೇಲೆ ಜಾಗ ಅದಕ್ಕೇ. ಇಳಿದು ದ್ವಿಬಂಧವಾದ ಅಣುವನ್ನು ಲೋಹ ಮತ್ತೆ ಹಿಡಿದುಕೊಳ್ಳುವುದಿಲ್ಲ. ಎರಡು ಹೈಡ್ರೋಜನ್‌ಗಳೂ ಒಂದೇ ಬದಿಯಿಂದ ಬರುವುದರಿಂದ ಸಿಸ್ ರೂಪವೇ ಸಿಗುತ್ತದೆ. ಡಾಲ್ಡಾ ಕಾಲದ ಡಬ್ಬಿಯಲ್ಲಿದ್ದ ಕೊಬ್ಬು ನಿಕ್ಕಲ್ ಮೇಲೆ ಹುಟ್ಟಿದ್ದು. ಅದಕ್ಕೆ ಸೇರಿಸುತ್ತಿದ್ದಂತಹ ಜೀವಸತ್ವವನ್ನು ತಯಾರಿಸಲು ಕುಗ್ಗಿಸಿದ ಪಲ್ಲೇಡಿಯಂ ಬೇಕಿತ್ತು. ಆಯ್ಕೆ ಸಡಿಲವಾದಾಗ ಏನಾಗುತ್ತದೆ, ಬಿಗಿಯಾದಾಗ ಏನು ಸಾಧ್ಯ ಎಂಬುದಕ್ಕೆ ಈ ಎರಡೂ ಒಟ್ಟಿಗೇ ಸಾಕ್ಷಿ.

ಇದಕ್ಕೂ ಮೊದಲೇ, 1918ರಲ್ಲಿ, ಕಾರ್ಲ್ ರೋಸೆನ್‌ಮುಂಡ್ ಬೇರಿಯಂ ಸಲ್ಫೇಟ್ ಮೇಲಿನ ಪಲ್ಲೇಡಿಯಂನಿಂದ ಆಮ್ಲ ಕ್ಲೋರೈಡನ್ನು ಆಲ್ಡಿಹೈಡ್ ಹಂತದಲ್ಲೇ ನಿಲ್ಲಿಸಿ ತೋರಿಸಿದ್ದರು. ಪ್ಲಾಸ್ಟಿಕ್ ಉದ್ಯಮದಲ್ಲಿ ಇದೇ ತತ್ವ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ನಾಫ್ತಾ ಒಡೆದು ಪಡೆದ ಎಥಿಲೀನ್‌ನಲ್ಲಿ ಅಸಿಟಿಲೀನ್ ಲೇಶ ಉಳಿದರೂ ಪಾಲಿಥೀನ್ ಮಾಡುವ ಕ್ರಿಯಾವರ್ಧಕ ಕೆಡುತ್ತದೆ. ಆದ್ದರಿಂದ ಪಲ್ಲೇಡಿಯಂ ಮತ್ತು ಬೆಳ್ಳಿಯ ಮಿಶ್ರಣದ ಮೇಲೆ ಹಾಯಿಸಿ ಅಸಿಟಿಲೀನನ್ನು ಹತ್ತು ಲಕ್ಷಕ್ಕೆ ಕೆಲವೇ ಭಾಗಗಳಿಗೆ ಇಳಿಸುತ್ತಾರೆ. ಸುತ್ತ ತುಂಬಿರುವ ಎಥಿಲೀನ್ ಈಥೇನ್ ಆಗದಂತೆ ಕಾಯುತ್ತಾರೆ.

ದ್ರಾಕ್ಷಿ ತೋಟದ ಎರಡು ಅಣುಗಳು

ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳು ಒಣದ್ರಾಕ್ಷಿಗೆ ಹೆಸರಾದವು. ಥಾಮ್ಸನ್ ಸೀಡ್‌ಲೆಸ್ ಜಾತಿಯ ಮಾಗಿದ ಗೊನೆಗಳನ್ನು ಕೊಯ್ದ ಕೂಡಲೇ ರೈತರು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಲರಿಗಳ ಮೇಲೆ ನೆರಳಲ್ಲಿ ಹರಡುತ್ತಾರೆ. ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಎಣ್ಣೆ ಎಂಬುದು ಚಾಲ್ತಿಯಲ್ಲಿರುವ ಅಳತೆ. ಈ ಎಣ್ಣೆಯ ಮುಖ್ಯ ಅಂಶ ಈಥೈಲ್ ಒಲಿಯೇಟ್. ಹಣ್ಣಿನ ಸಿಪ್ಪೆಯ ಮೇಲಿರುವ ಮೇಣದ ಪದರವನ್ನು ಅದು ಸಡಿಲಿಸುವುದರಿಂದ ನೀರು ಬೇಗ ಆರುತ್ತದೆ, ವಾರಗಟ್ಟಲೆ ಹಿಡಿಯುವ ಒಣಗುವಿಕೆ ಚುರುಕಾಗುತ್ತದೆ.

ಈಥೈಲ್ ಒಲಿಯೇಟ್ ಕೆಲಸ ಮಾಡುವುದು ಅದರ ಸರಪಳಿಯ ನಡುವಿನ ಒಂದು ಸಿಸ್ ದ್ವಿಬಂಧ ಅದನ್ನು ದ್ರವವಾಗಿ ಇಟ್ಟಿರುವುದರಿಂದ. ಅದಕ್ಕೆ ಎರಡು ಹೈಡ್ರೋಜನ್ ಪರಮಾಣು ಸೇರಿದರೆ ಈಥೈಲ್ ಸ್ಟಿಯರೇಟ್ ಆಗುತ್ತದೆ. ಮೂವತ್ತು ಡಿಗ್ರಿ ದಾಟುವವರೆಗೂ ಅದು ಗಟ್ಟಿ ಪದಾರ್ಥ. ಅಂಥ ಎಣ್ಣೆಯಿಂದ ಅದ್ದುವ ದ್ರಾವಣ ಮಾಡಲಾಗದು. ಎರಡು ದ್ವಿಬಂಧಗಳ ಅಣು ಉಳಿದರೆ ಗಾಳಿಗೆ ಕಮಟಾಗುತ್ತದೆ, ದ್ವಿಬಂಧವೇ ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ಉಪಯೋಗಕ್ಕೆ ಬರುವುದು ನಡುವಿನ ಒಂದು. ಲಿನೋಲಿಯಿಕ್ ಭಾಗವನ್ನು ಒಲಿಯಿಕ್‌ಗೆ ಇಳಿಸಿ ಅಲ್ಲಿಯೇ ನಿಲ್ಲಿಸುವ ಸಂಶೋಧನೆ ಎಣ್ಣೆ ರಸಾಯನಶಾಸ್ತ್ರದಲ್ಲಿ ಇಂದಿಗೂ ನಡೆದಿರುವುದು ಇದಕ್ಕಾಗಿ.

ಎರಡನೆಯ ಅಣು ಜಿಬ್ಬೆರೆಲಿಕ್ ಆಮ್ಲ. ಬೀಜವಿಲ್ಲದ ಕಾಯಿ ಉದ್ದವಾಗಿ ತುಂಬಿಕೊಳ್ಳಲು, ಗೊನೆ ಸಡಿಲವಾಗಲು ರೈತರು ಬಳಸುವ ಜಿಎ ಎಂದರೆ ಇದೇ. ಇದು ಶಿಲೀಂಧ್ರವೊಂದರ ಹುದುಗುವಿಕೆಯಿಂದ ದೊರೆಯುತ್ತದೆ. ಶಾಸ್ತ್ರದ ಹೆಸರು ಜಿಎ3. ಈ ಅಣುವಿನಲ್ಲಿ ಎರಡು ದ್ವಿಬಂಧಗಳಿವೆ. ಒಂದು ಮೊದಲ ಉಂಗುರದೊಳಗೆ, ಎರಡನೆಯದು ಇನ್ನೊಂದು ತುದಿಯ ಉಂಗುರದಿಂದ ಹೊರಚಾಚಿದೆ. ಉಂಗುರದೊಳಗಿನದನ್ನು ಮಾತ್ರ ಪರ್ಯಾಪ್ತಗೊಳಿಸಿದರೆ ಸಿಗುವುದು ಜಿಎ1, ಗಿಡಗಳು ತಮ್ಮ ಕಾಂಡ ಬೆಳೆಸಲು ತಾವೇ ತಯಾರಿಸಿಕೊಳ್ಳುವ ಮುಖ್ಯ ಹಾರ್ಮೋನು. ಮಾಮೂಲಿ ಹೈಡ್ರೋಜನ್ ಬದಲು ಅದರ ವಿಕಿರಣಶೀಲ ರೂಪವಾದ ಟ್ರಿಟಿಯಂ ಬಳಸಿ, ಆಯ್ದ ಹೈಡ್ರೋಜನೀಕರಣದಿಂದ ಗುರುತು ಹಚ್ಚಿದ ಜಿಎ1 ತಯಾರಿಸಿ, ಗಿಡದೊಳಗೆ ಈ ಹಾರ್ಮೋನು ಎಲ್ಲಿಗೆ ಹೋಗುತ್ತದೆ, ಏನಾಗಿ ಬದಲಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಅರಿತರು. ಕ್ರಿಯೆ ಹದ ತಪ್ಪಿದರೆ ಹೊರಚಾಚಿದ ದ್ವಿಬಂಧವೂ ಹೋಗುತ್ತದೆ, ದ್ವಿಬಂಧದ ಪಕ್ಕದಲ್ಲಿರುವ ಲ್ಯಾಕ್ಟೋನ್ ಬಂಧವೂ ಕಡಿದುಹೋಗುತ್ತದೆ. ಹೈಡ್ರೋಜನ್ ಹೀಗೆ ಏಕಬಂಧವನ್ನೇ ಕಡಿಯುವುದಕ್ಕೆ ಹೈಡ್ರೋಜನೋಲಿಸಿಸ್ ಎನ್ನುತ್ತಾರೆ. ಹಲವು ಕಡೆ ಅದು ಉಪದ್ರವ. ಪೆಪ್ಟೈಡ್ ಸಂಶ್ಲೇಷಣೆಯಲ್ಲಿ ಮಾತ್ರ ಅದೇ ಉಪಕಾರಿ: ಅಮೈನೊ ಗುಂಪಿಗೆ ತಾತ್ಕಾಲಿಕವಾಗಿ ಹೊದಿಸಿದ ಬೆಂಜೈಲ್ ಜಾತಿಯ ರಕ್ಷಣೆಯನ್ನು ಪಲ್ಲೇಡಿಯಂ ಮತ್ತು ಹೈಡ್ರೋಜನ್‌ನಿಂದ ಕಳಚುವ ಉಪಾಯವನ್ನು ಮ್ಯಾಕ್ಸ್ ಬರ್ಗ್‌ಮನ್ ಮತ್ತು ಲಿಯೊನಿಡಸ್ ಜೆರ್ವಾಸ್ 1932ರಲ್ಲಿ ಕೊಟ್ಟರು.

ಐದರಲ್ಲಿ ಒಂದು

ಘನ ಲೋಹದ ಮೇಲ್ಮೈಯಲ್ಲಿ ಒಂದೊಂದು ಮೂಲೆಯೂ ಒಂದೊಂದು ಗುಣದ್ದು. ದ್ರಾವಣದಲ್ಲಿ ಕರಗುವ ಲೋಹಸಂಯುಕ್ತದ ಪ್ರತಿ ಅಣುವೂ ಒಂದೇ ತೆರ. 1965ರ ಹೊತ್ತಿಗೆ ಲಂಡನ್ನಿನಲ್ಲಿ ಜೆಫ್ರಿ ವಿಲ್ಕಿನ್‌ಸನ್ ಮತ್ತು ಸಹೋದ್ಯೋಗಿಗಳು ರೋಡಿಯಂ ಪರಮಾಣುವಿಗೆ ಒಂದು ಕ್ಲೋರಿನ್, ಮೂರು ಟ್ರೈಫೀನೈಲ್‌ಫಾಸ್ಫೀನ್ ಗುಂಪುಗಳಿರುವ ಸಂಯುಕ್ತವೊಂದು ಕೋಣೆಯ ತಾಪದಲ್ಲೇ, ಸಾಮಾನ್ಯ ಒತ್ತಡದಲ್ಲೇ ಹೈಡ್ರೋಜನೀಕರಣ ನಡೆಸುತ್ತದೆಂದು ಕಂಡರು. ರೋಡಿಯಂ ಸುತ್ತ ಗುಂಪುಗಳು ಇಕ್ಕಟ್ಟಾಗಿ ತುಂಬಿರುವುದರಿಂದ, ಸುತ್ತ ಬಯಲಿರುವ ದ್ವಿಬಂಧಕ್ಕೆ ಬೇಗ ಪ್ರವೇಶ, ಇಕ್ಕಟ್ಟಿನಲ್ಲಿರುವ ದ್ವಿಬಂಧಕ್ಕೆ ಪ್ರವೇಶವೇ ಇಲ್ಲ.

ಈ ಗುಣದ ಫಲ ಉತ್ತರ ಕರ್ನಾಟಕದ ಕುರಿಗಾರರಿಗೂ ತಲುಪಿದೆ. ಕುರಿ, ಮೇಕೆ, ದನಗಳ ಹೊಟ್ಟೆಯ ಜಂತಿಗೂ ಮೈಮೇಲಿನ ಉಣ್ಣಿ, ಕಜ್ಜಿಗೂ ಕೊಡುವ ಐವರ್‌ಮೆಕ್ಟಿನ್ ಔಷಧದ ಮೂಲ ಆವರ್‌ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದು ತಯಾರಿಸುವ ವಸ್ತು. ಆವರ್‌ಮೆಕ್ಟಿನ್ ಅಣುವಿನಲ್ಲಿ ಐದು ಇಂಗಾಲ-ಇಂಗಾಲ ದ್ವಿಬಂಧಗಳಿವೆ. ಅವುಗಳಲ್ಲಿ 22 ಮತ್ತು 23ನೇ ಇಂಗಾಲಗಳ ನಡುವಿನ ಒಂದು ಮಾತ್ರ ಇಕ್ಕಟ್ಟಿಲ್ಲದ ಸಿಸ್ ದ್ವಿಬಂಧ. ವಿಲ್ಕಿನ್‌ಸನ್ ಸಂಯುಕ್ತ ಅದೊಂದನ್ನೇ ಹೈಡ್ರೋಜನೀಕರಿಸಿ ನಾಲ್ಕನ್ನು ಉಳಿಸುತ್ತದೆ. ಹೀಗೆ ಹುಟ್ಟಿದ ಐವರ್‌ಮೆಕ್ಟಿನ್ 1981ರಿಂದ ಪಶುವೈದ್ಯಕೀಯದಲ್ಲಿದೆ. ಮನುಷ್ಯರಿಗೂ ಅದು ದೊಡ್ಡ ಔಷಧವಾಯಿತು. ಆನೆಕಾಲು ರೋಗ ನಿರ್ಮೂಲನೆಗೆ ಐವರ್‌ಮೆಕ್ಟಿನ್ ಸೇರಿದ ಮೂರು ಔಷಧಗಳ ಸಾಮೂಹಿಕ ಸೇವನೆಯನ್ನು ಭಾರತ ಮೊದಲು ಆರಂಭಿಸಿದ ಕೆಲವೇ ಜಿಲ್ಲೆಗಳಲ್ಲಿ ವಿಜಯಪುರದ ನೆರೆಯ ಯಾದಗಿರಿಯೂ ಒಂದು. ಆವರ್‌ಮೆಕ್ಟಿನ್ ಶೋಧಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ವೈದ್ಯಕೀಯ ನೊಬೆಲ್‌ನ ಅರ್ಧ ಪಾಲು ಸಂದಿತು.

ಎಡ ರೂಪ, ಬಲ ರೂಪ

ಎಡಗೈ ಬಲಗೈಗಳ ಹಾಗೆ, ಒಂದೇ ಪರಮಾಣುಗಳಿದ್ದೂ ಒಂದರ ಮೇಲೊಂದು ಹೊಂದದ ಅಣುಜೋಡಿಗಳಿವೆ. ದೇಹ ಅವೆರಡನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ಪಾರ್ಕಿನ್‌ಸನ್ ರೋಗಕ್ಕೆ ಕೊಡುವ ಡೋಪಾ ಅದರ ಎಲ್ ರೂಪದಲ್ಲಿ ಮಾತ್ರ ಔಷಧ. ನಮ್ಮ ಬೇಲಿ ಪೊದೆಗಳ ನಸುಗುನ್ನಿ ಬೀಜದಲ್ಲಿ ಪ್ರಕೃತಿ ಆ ರೂಪವನ್ನೇ ತಯಾರಿಸಿ ಇಟ್ಟಿದೆ. ಕಾರ್ಖಾನೆಯಲ್ಲಿ ಅದನ್ನು ಪಡೆಯಲು ದ್ವಿಬಂಧದ ಒಂದೇ ಮುಖದಿಂದ ಹೈಡ್ರೋಜನ್ ಸೇರಿಸಬೇಕು.

ಅಮೆರಿಕದ ಮೊನ್ಸಾಂಟೊ ಕಂಪನಿಯಲ್ಲಿದ್ದ ವಿಲಿಯಂ ನೋಲ್ಸ್ ವಿಲ್ಕಿನ್‌ಸನ್ ಸಂಯುಕ್ತದ ಫಾಸ್ಫೀನ್‌ಗಳನ್ನು ತೆಗೆದು, ತಾವೇ ಎಡ ಅಥವಾ ಬಲ ರೂಪದಲ್ಲಿರುವ ಫಾಸ್ಫೀನ್‌ಗಳನ್ನು ರೋಡಿಯಂಗೆ ಕಟ್ಟಿದರು. 1968ರ ಮೊದಲ ಪ್ರಯೋಗದಲ್ಲಿ ಒಂದು ರೂಪದ ಹೆಚ್ಚುವರಿ ಅಲ್ಪವೇ ಇತ್ತು. ಫ್ರಾನ್ಸಿನ ಆನ್ರಿ ಕಗಾನ್ 1971ರಲ್ಲಿ ಎರಡು ಕೈಗಳಿಂದ ಲೋಹವನ್ನು ಹಿಡಿಯುವ ಫಾಸ್ಫೀನ್ ತಂದರು. ನೋಲ್ಸ್ ರೂಪಿಸಿದ ಡೈಪ್ಯಾಂಪ್ ಎಂಬ ಲಿಗಾಂಡ್ (ಲೋಹಕ್ಕೆ ಕಟ್ಟಿಕೊಳ್ಳುವ ಗುಂಪು) ಬೇಕಾದ ರೂಪದ ಹೆಚ್ಚುವರಿಯನ್ನು ಶೇಕಡಾ 95ಕ್ಕೆ ಏರಿಸಿತು. 1970ರ ದಶಕದಲ್ಲೇ ಎಲ್-ಡೋಪಾ ಈ ದಾರಿಯಲ್ಲಿ ಕಾರ್ಖಾನೆಯಿಂದ ಹೊರಬಂತು. ಜಪಾನಿನ ರ್ಯೋಜಿ ನೊಯೊರಿ 1980ರಲ್ಲಿ ಬೈನ್ಯಾಪ್ ಲಿಗಾಂಡ್ ಪ್ರಕಟಿಸಿ, ಬಳಿಕ ಅದನ್ನು ರುಥೇನಿಯಂ ಜೊತೆ ಕೂಡಿಸಿ ಈ ಕಲೆಯನ್ನು ಹಲವು ಬಗೆಯ ಅಣುಗಳಿಗೆ ವಿಸ್ತರಿಸಿದರು. ನೋಲ್ಸ್ ಮತ್ತು ನೊಯೊರಿ 2001ರ ನೊಬೆಲ್ ಪ್ರಶಸ್ತಿಯನ್ನು ಬ್ಯಾರಿ ಶಾರ್ಪ್‌ಲೆಸ್ ಜೊತೆ ಪಡೆದರು.

ಈ ಕ್ರಿಯೆಯ ಅತಿ ದೊಡ್ಡ ಬಳಕೆ ಔಷಧದಲ್ಲಿಲ್ಲ, ಕಳೆನಾಶಕದಲ್ಲಿದೆ. ಮೆಕ್ಕೆಜೋಳ, ಸೋಯಾ ಹೊಲಗಳಿಗೆ ಬಳಸುವ ಎಸ್-ಮೆಟೊಲಾಕ್ಲೋರ್ 1996ರಿಂದ ಇರಿಡಿಯಂ ಸಂಯುಕ್ತದ ನೆರವಿನಿಂದ ವರ್ಷಕ್ಕೆ 10,000 ಟನ್ನಿಗೂ ಹೆಚ್ಚು ತಯಾರಾಗುತ್ತಿದೆ. ಒಂದು ಇರಿಡಿಯಂ ಪರಮಾಣು ಹತ್ತು ಲಕ್ಷಕ್ಕೂ ಹೆಚ್ಚು ಅಣುಗಳನ್ನು ಬದಲಿಸಿಕೊಡುತ್ತದೆ. ಇಲ್ಲಿ ಬೇಕಾದ ರೂಪದ ಹೆಚ್ಚುವರಿ ಸುಮಾರು ಶೇಕಡಾ 80 ಮಾತ್ರ. ಔಷಧಕ್ಕೆ ಸಾಲದ ಈ ಶುದ್ಧಿ ಹೊಲಕ್ಕೆ ಸಾಕು, ಕೆಲಸಕ್ಕೆ ಬಾರದ ರೂಪವನ್ನು ಮಣ್ಣಿಗೆ ಸುರಿಯುವುದು ಅಷ್ಟರಮಟ್ಟಿಗೆ ತಗ್ಗುತ್ತದೆ.

ನಡೆಸುವ ಬಗೆ, ಎಚ್ಚರಿಕೆ

ಬೆಂಗಳೂರಿನ ಸುತ್ತ, ರಾಯಚೂರು, ಬೀದರಗಳಲ್ಲಿರುವಂತಹ ಔಷಧದ ಮೂಲದ್ರವ್ಯ ಕಾರ್ಖಾನೆಗಳಿಗೆ ಹೈಡ್ರೋಜನೀಕರಣ ಪರಿಚಿತ ಹೆಜ್ಜೆ. ದಪ್ಪ ಉಕ್ಕಿನ ಪಾತ್ರೆ, ಅದರೊಳಗೆ ಜೋರಾಗಿ ಕಲಕುವ ರೆಕ್ಕೆ, ಹೊರಗೆ ತಂಪು ನೀರಿನ ಕವಚ: ಉಪಕರಣ ಇಷ್ಟು ಸರಳ. ನೈಟ್ರೊ ಗುಂಪನ್ನು ಅಮೈನ್ ಮಾಡುವಂತಹ ಕ್ರಿಯೆಗಳು ಬಿಡುಗಡೆ ಮಾಡುವ ಶಾಖ ಅಪಾರ. ಅದನ್ನು ಹೊತ್ತುಹೊತ್ತಿಗೆ ತೆಗೆಯದಿದ್ದರೆ ಕ್ರಿಯೆ ಕೈಮೀರುತ್ತದೆ. ಎಣ್ಣೆಯ ಹೈಡ್ರೋಜನೀಕರಣದಲ್ಲಿಯೂ, ದ್ವಿಬಂಧಗಳ ಪ್ರಮಾಣವನ್ನು ಸೂಚಿಸುವ ಅಯೋಡಿನ್ ಮೌಲ್ಯ ಒಂದು ಅಂಕ ಇಳಿದರೆ ಎಣ್ಣೆಯ ತಾಪ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು ಏರುತ್ತದೆ.

ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟೇ ಹೈಡ್ರೋಜನ್ ಬೆರೆತಿದ್ದರೂ ಅದು ಹೊತ್ತಿಕೊಳ್ಳಬಲ್ಲದು. ಅಮೆರಿಕದ ಮರ್ರೆ ರೇನಿ 1920ರ ದಶಕದಲ್ಲಿ ನಿಕ್ಕಲ್-ಅಲ್ಯೂಮಿನಿಯಂ ಮಿಶ್ರಲೋಹದಿಂದ ಅಲ್ಯೂಮಿನಿಯಂ ಕರಗಿಸಿ ತೆಗೆದು ಮಾಡಿದ ರಂಧ್ರಮಯ ನಿಕ್ಕಲ್, ಒಣಗಿದರೆ ತಾನಾಗಿ ಕೆಂಡವಾಗುತ್ತದೆ. ಅದನ್ನು ಸದಾ ನೀರಿನಲ್ಲಿ ಮುಳುಗಿಸಿಯೇ ಇಡಬೇಕು. ಬಳಸಿದ ಪಲ್ಲೇಡಿಯಂ ಹಚ್ಚಿದ ಇದ್ದಿಲನ್ನು ಸೋಸುವಾಗಲೂ ಅದೇ ಎಚ್ಚರ ಬೇಕು. ಲೋಹದ ಅಂಶ ಉತ್ಪನ್ನದಲ್ಲಿ ಉಳಿಯಬಾರದು. ವನಸ್ಪತಿಯಲ್ಲಿ ನಿಕ್ಕಲ್ ಹತ್ತು ಲಕ್ಷಕ್ಕೆ ಒಂದೂವರೆ ಭಾಗ ಮೀರಬಾರದೆಂಬ ಮಿತಿ ಇತ್ತು. ಗಂಧಕ ಈ ಲೋಹಗಳಿಗೆಲ್ಲ ವಿಷ. ಅದಕ್ಕೇ ಎಣ್ಣೆಯನ್ನಾಗಲಿ ಅನಿಲವನ್ನಾಗಲಿ ಗಂಧಕಮುಕ್ತ ಮಾಡಿದ ಮೇಲೆಯೇ ಕ್ರಿಯೆಗೆ ಹಾಕುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಕ್ಷೇತ್ರದ ಮೂಲಪ್ರಶ್ನೆಗಳ ಮೇಲೆ ಕೆಲಸ ಮಾಡಿದೆ. ಅಮೆರಿಕದ ಗ್ರೆಗರಿ ಕ್ಯುಬಾಸ್ 1984ರಲ್ಲಿ ಹೈಡ್ರೋಜನ್ ಅಣು ಒಡೆಯದೆಯೇ ಲೋಹಕ್ಕೆ ಕಟ್ಟಿಕೊಳ್ಳಬಲ್ಲದೆಂದು ತೋರಿಸಿದರು. ಒಡೆಯುವ ಮುನ್ನದ ಆ ಕ್ಷಣದ ಸಂಯುಕ್ತಗಳನ್ನು ಸಂಸ್ಥೆಯ ಬಾಲಾಜಿ ಜಾಗೀರ್‌ದಾರ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಎಂ.ಎಸ್. ಹೆಗ್ಡೆ ಅವರ ಗುಂಪು ಪಲ್ಲೇಡಿಯಂನಂತಹ ಬೆಲೆಬಾಳುವ ಲೋಹವನ್ನು ಸೀರಿಯಂ ಆಕ್ಸೈಡಿನೊಳಗೆ ಅಯಾನುಗಳಾಗಿ ಹರಡಿ, ಕಡಿಮೆ ಲೋಹದಿಂದ ಹೆಚ್ಚು ಕೆಲಸ ಪಡೆಯುವ ದಾರಿ ತೋರಿತು. ತಾಮ್ರದ ಮೇಲೆ ಅಲ್ಲಲ್ಲಿ ಒಂಟಿ ಪಲ್ಲೇಡಿಯಂ ಪರಮಾಣು ಕೂಡಿಸುವುದು, ದುಬಾರಿ ಲೋಹಗಳ ಬದಲು ಕಬ್ಬಿಣ, ಕೋಬಾಲ್ಟ್, ಮ್ಯಾಂಗನೀಸ್ ಬಳಸುವುದು ಈ ಶತಮಾನದಲ್ಲಿ ಜಗತ್ತಿನ ಹಲವು ಪ್ರಯೋಗಾಲಯಗಳು ಹಿಡಿದಿರುವ ದಿಕ್ಕು.

ಕಬ್ಬಿನ ಸಿಪ್ಪೆಯ ಮುಂದಿನ ದಾರಿ

ಬಬಲೇಶ್ವರ ಭಾಗದಲ್ಲಿ ಕೃಷ್ಣಾನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಸೇರಿದಂತೆ ಕೃಷ್ಣಾ ದಂಡೆಯ ಕಾರ್ಖಾನೆಗಳು ಕಬ್ಬು ಅರೆದಾಗ, ಕಬ್ಬಿನ ತೂಕದ ಸುಮಾರು ಶೇಕಡಾ 30ರಷ್ಟು ಹಸಿ ಸಿಪ್ಪೆ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಗಳು ಅದನ್ನು ಬಾಯ್ಲರ್‌ನಲ್ಲಿ ಸುಟ್ಟು ಹಬೆ, ವಿದ್ಯುತ್ ಪಡೆಯುತ್ತವೆ. ಒಣ ಸಿಪ್ಪೆಯ ಕಾಲುಭಾಗದಷ್ಟು ಐದು ಇಂಗಾಲದ ಸಕ್ಕರೆಗಳ ಸರಪಳಿ. ಆಮ್ಲದೊಂದಿಗೆ ಕಾಯಿಸಿದರೆ ಅದರಿಂದ ಫರ್ಫ್ಯುರಾಲ್ ಸಿಗುತ್ತದೆ, ವನಸ್ಪತಿಯ ಎಳ್ಳೆಣ್ಣೆಯನ್ನು ಕೆಂಪಾಗಿಸುವ ಅದೇ ದ್ರವ. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1922ರಲ್ಲೇ ಓಟ್ ಹೊಟ್ಟಿನಿಂದ ಇದನ್ನು ಕೈಗಾರಿಕೆಯಾಗಿ ತಯಾರಿಸಿತ್ತು.

ಫರ್ಫ್ಯುರಾಲ್‌ನ ಮುಂದೆ ಹೈಡ್ರೋಜನ್‌ಗೆ ಹಲವು ದಾರಿಗಳಿವೆ. ಆಲ್ಡಿಹೈಡ್ ಗುಂಪು ಮಾತ್ರ ಹೈಡ್ರೋಜನ್ ಪಡೆದರೆ ಫರ್ಫ್ಯುರೈಲ್ ಆಲ್ಕೊಹಾಲ್. ಉಂಗುರವೂ ಪಡೆದರೆ ಅದರ ಟೆಟ್ರಾಹೈಡ್ರೊ ರೂಪ. ಆಮ್ಲಜನಕವೇ ಕಳಚಿದರೆ ಮೀಥೈಲ್‌ಫ್ಯುರಾನ್. ನಿಕ್ಕಲ್ ಮತ್ತು ಪಲ್ಲೇಡಿಯಂ ಉಂಗುರವನ್ನು ಮಲಗಿಸಿ ಹಿಡಿದು ಪೂರ್ತಿ ಪರ್ಯಾಪ್ತಗೊಳಿಸಲು ಹೊರಡುತ್ತವೆ. ತಾಮ್ರದ ಮೇಲೆ ಅಣು ಆಲ್ಡಿಹೈಡ್ ತುದಿಯಿಂದ ಅಂಟಿ ಎದ್ದು ನಿಲ್ಲುವುದರಿಂದ ಉಂಗುರ ಸುರಕ್ಷಿತ. ಜಗತ್ತಿನ ಫರ್ಫ್ಯುರಾಲ್‌ನ ಅರ್ಧಕ್ಕೂ ಹೆಚ್ಚು ಭಾಗ ತಾಮ್ರ-ಕ್ರೋಮಿಯಂ ಕ್ರಿಯಾವರ್ಧಕದ ಮೇಲೆ ಫರ್ಫ್ಯುರೈಲ್ ಆಲ್ಕೊಹಾಲ್ ಆಗುತ್ತದೆ. ಎರಕದ ಮರಳನ್ನು ಕಟ್ಟುವ ಫ್ಯುರಾನ್ ರಾಳದ ಮೂಲ ಅದೇ, ಆ ರಾಳಕ್ಕೆ ಗಿರಾಕಿಯಾಗುವ ಎರಕದ ಉದ್ಯಮ ಪಕ್ಕದ ಬೆಳಗಾವಿಯಲ್ಲಿದೆ. ಕ್ರೋಮಿಯಂನ ಆರು ವೇಲೆನ್ಸಿಯ ರೂಪ ವಿಷಕಾರಿಯಾದ್ದರಿಂದ ಕ್ರೋಮಿಯಂ ಇಲ್ಲದ ತಾಮ್ರದ ಕ್ರಿಯಾವರ್ಧಕಗಳಿಗಾಗಿ ಹುಡುಕಾಟ ನಡೆದಿದೆ.

ಲೆಕ್ಕ ಹಾಕಿದರೆ ಒಂದು ಟನ್ ಫರ್ಫ್ಯುರಾಲ್‌ನ ಆಲ್ಡಿಹೈಡ್ ಗುಂಪಿಗೆ ಬೇಕಾಗುವ ಹೈಡ್ರೋಜನ್ 21 ಕಿಲೋಗ್ರಾಂ. ನೀರನ್ನು ವಿದ್ಯುತ್ತಿನಿಂದ ಒಡೆದು ಕಿಲೋಗ್ರಾಂ ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ಖರ್ಚಾಗುವುದರಿಂದ, ಒಟ್ಟು ಸುಮಾರು 1,100 ಯೂನಿಟ್ ಸಾಕು. ಸಿಪ್ಪೆ ಸುಟ್ಟು ವಿದ್ಯುತ್ ಮಾರುವ ಸಕ್ಕರೆ ಕಾರ್ಖಾನೆಗೆ ಇದು ಎಟುಕುವ ಮೊತ್ತ. ಉಂಗುರಕ್ಕೂ ಹೈಡ್ರೋಜನ್ ಸೇರಿಬಿಟ್ಟರೆ ಅನಿಲದ ಖರ್ಚು ಮೂರುಪಟ್ಟಾಗುತ್ತದೆ, ಕೈಗೆ ಬರುವ ವಸ್ತು ಎರಕದ ಮರಳಿಗೆ ಉಪಯೋಗವಿಲ್ಲ. ಈ ಕೈಗಾರಿಕೆ ಕೃಷ್ಣಾ ದಂಡೆಗೆ ಬರಬೇಕಾದರೆ ಬೇಕಾದ ವಸ್ತುಗಳಲ್ಲಿ ಸಿಪ್ಪೆ, ಹಬೆ, ವಿದ್ಯುತ್ ಮೂರೂ ಅಲ್ಲಿ ಈಗಾಗಲೇ ಇವೆ. ತಿಂಗಳುಗಟ್ಟಲೆ ಚುರುಕು ಕಳೆದುಕೊಳ್ಳದ, ಕ್ರೋಮಿಯಂ ಇಲ್ಲದ ತಾಮ್ರದ ಕ್ರಿಯಾವರ್ಧಕವೂ, ಸಿಪ್ಪೆಯಿಂದ ಫರ್ಫ್ಯುರಾಲ್ ತೆಗೆಯುವಾಗ ಹೊರಬರುವ ಆಮ್ಲಮಿಶ್ರಿತ ನೀರನ್ನು ಹೊಲಕ್ಕೆ ಬಿಡದೆ ಶುದ್ಧೀಕರಿಸುವ ವ್ಯವಸ್ಥೆಯೂ ಅದರ ಜೊತೆ ಬರಬೇಕಾಗುತ್ತದೆ.